ಪೂಲ್ ಟೇಬಲ್ಲಿನ ಬಟ್ಟೆಗೆ ನಾನು ಮಾಡುವ ಆರೈಕೆ

ಮೂಡಿಗೆರೆಯ ನಮ್ಮ ಮನೆಗೆ ಪೂಲ್ ಟೇಬಲ್ ಬಂದದ್ದು ನನ್ನನ್ನು ಕೇಳಿಕೊಂಡು ಅಲ್ಲ. ಬೆಂಗಳೂರಿನಲ್ಲಿ ಯಾರೋ ಮನೆ ಖಾಲಿ ಮಾಡುತ್ತಿದ್ದಾರೆಂದು ನಮ್ಮನೆಯವರು ಎಂಟು ಅಡಿಯ ಟೇಬಲ್ಲನ್ನು ಅರ್ಧ ಬೆಲೆಗೆ ಲಾರಿಗೆ ಹೇರಿಸಿಕೊಂಡು ಬಂದರು. ಬಟ್ಟೆಯಡಿ ಹಾಸುವ ಮೂರು ತುಂಡು ಸ್ಲೇಟು ಕಲ್ಲು ಇಳಿಸಲು ತೋಟದ ಆರು ಜನ ಬೇಕಾಯಿತು. ಆಡುವವರು ಅವರು ಮತ್ತು ಮಗ, ಒರೆಸುವವಳು ನಾನು. ಮೊದಲ ವಾರವೇ ಊಟದ ಮೇಜು ಒರೆಸಿದ ಹಾಗೆ ಒದ್ದೆ ಬಟ್ಟೆ ಹಿಡಿದು ಗಸಗಸ ಉಜ್ಜಿದೆ. ಒಣಗಿದ ಮೇಲೆ ನೋಡಿದರೆ ಆಡುವ ಕೋಲಾದ ಕ್ಯೂವಿನ ತುದಿಗೆ ಹಚ್ಚುವ ನೀಲಿ ಚಾಕಿನ ಪುಡಿ ಹಸಿರು ಬಟ್ಟೆಯೊಳಗೆ ಇಳಿದು, ಮೋಡ ಕವಿದ ಹಾಗೆ ಅಲ್ಲಲ್ಲಿ ಕೂತಿತ್ತು.

ಚೆಂಡು ಬೀಳುವ ಪಾಕೆಟ್ಟೊಂದು ಸಡಿಲವಾಗಿ, ಅದನ್ನು ಸರಿಮಾಡಲು ಒಬ್ಬ ಹಿರಿಯರನ್ನು ಕರೆಸಿದ್ದೆವು. ಮೂವತ್ತು ವರ್ಷ ಒಂದು ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದವರು, ಅಂದರೆ ಪಾಯಿಂಟು ಬರೆಯುವುದರ ಜೊತೆಗೆ ಟೇಬಲ್ಲುಗಳ ಆರೈಕೆಯನ್ನೂ ಮಾಡಿದವರು. ಆ ಮೋಡಗಳನ್ನು ನೋಡಿ ನಕ್ಕರು. "ಅಮ್ಮಾ, ಪೆಟ್ಟಿಗೆಯಲ್ಲಿರೋ ಉಣ್ಣೆ ಶಾಲನ್ನ ಹೀಗೇ ಉಜ್ಜುತೀರಾ?" ಎಂದರು. ಅಲ್ಲಿಯವರೆಗೆ ಅದು ಉಣ್ಣೆ ಎಂದು ನನಗೆ ಹೊಳೆದೇ ಇರಲಿಲ್ಲ. ಒಳ್ಳೆಯ ಟೇಬಲ್ಲಿನ ಬಟ್ಟೆ ಬಹುಪಾಲು ಉಣ್ಣೆ, ಬಾಳಿಕೆಗೆಂದು ಒಂದಿಷ್ಟು ನೈಲಾನ್. ಶಾಲಿನ ಮಾತು ಮನಸ್ಸಿಗೆ ಹತ್ತಿದ ಮೇಲೆ ಮಿಕ್ಕದ್ದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ, ಅರ್ಧಕ್ಕರ್ಧ ನನಗೇ ಗೊತ್ತಿದ್ದ ವಿಷಯ.

ನಿಮ್ಮ ಬಟ್ಟೆ ಯಾವ ಜಾತಿಯದು ಎಂದು ಮೊದಲು ತಿಳಿದುಕೊಳ್ಳಿ. ಒಣ ಅಂಗೈಯನ್ನು ಟೇಬಲ್ಲಿನ ಉದ್ದಕ್ಕೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಎಳೆಯಿರಿ. ಒಂದು ಕಡೆಗೆ ನಯವಾಗಿ ಹೋಗಿ, ಇನ್ನೊಂದು ಕಡೆಗೆ ಬೆಕ್ಕಿನ ಮೈಯನ್ನು ತಿರುವುಮುರುವಾಗಿ ಸವರಿದ ಹಾಗೆ ರೋಮ ಎದ್ದು ನಿಂತರೆ ಅದು ರೋಮವಿರುವ ಬಟ್ಟೆ, ಸ್ನೂಕರ್ ಟೇಬಲ್ಲಿಗೆ ಹಾಕುವಂಥದು. ಎರಡೂ ಕಡೆ ಒಂದೇ ಥರ ನುಣುಪಾಗಿದ್ದರೆ ಅದು ಬಿಗಿ ನೇಯ್ಗೆಯ ಪೂಲ್ ಬಟ್ಟೆ. ಮೊದಲನೆಯದಕ್ಕೆ ರೋಮದ ದಿಕ್ಕೇ ಕಾನೂನು: ಬ್ರೇಕ್, ಅಂದರೆ ಆಟದ ಮೊದಲ ಹೊಡೆತ, ಹೊಡೆಯುವ ತುದಿಯಿಂದ ಚೆಂಡು ಜೋಡಿಸುವ ತುದಿಗೆ ಮಾತ್ರ, ಹಿಂದಕ್ಕೆ ಎಂದೂ ಇಲ್ಲ. ಎರಡನೆಯದಕ್ಕೆ ಅಷ್ಟು ಕಟ್ಟುನಿಟ್ಟಿಲ್ಲ. ನಮ್ಮದು ಎರಡನೆಯ ಜಾತಿ. ಆದರೂ ನಾನು ಒಂದೇ ದಿಕ್ಕಿಗೆ ಎಳೆಯುತ್ತೇನೆ, ಕಸ ಎಲ್ಲಿ ಸೇರಿತು ಎಂದು ಹುಡುಕುವ ಕೆಲಸ ತಪ್ಪುತ್ತದೆ.

ಕುದುರೆ ಕೂದಲಿನ ಮೆತ್ತನೆ ಬ್ರಷ್ಷಿಗೆ ದುಡ್ಡು ಕೊಡಿ, ಬೇರೆಲ್ಲದರಲ್ಲೂ ಉಳಿಸಿ. ಬಟ್ಟೆ ಒಗೆಯುವ ಪ್ಲಾಸ್ಟಿಕ್ ಬ್ರಷ್, ತೆಂಗಿನ ನಾರಿನ ಬ್ರಷ್ ಟೇಬಲ್ಲಿನ ಹತ್ತಿರವೂ ಬರಬಾರದು. ಮೊದಲು ಕುಶನ್ನುಗಳ, ಅಂದರೆ ಚೆಂಡು ತಾಗಿ ಪುಟಿಯುವ ಸುತ್ತಲಿನ ಅಂಚುಗಳ, ಮೇಲ್ಭಾಗ, ಆಮೇಲೆ ಕುಶನ್ನಿನ ಮೂತಿಯ ಅಡಿಯ ಸಂದಿ, ಕೊನೆಗೆ ನಡುವಿನ ಬಯಲು. ಸಂದಿಯನ್ನು ಎಲ್ಲರೂ ಮರೆಯುತ್ತಾರೆ, ಅತಿ ಹೆಚ್ಚು ಪುಡಿ ಇರುವುದೂ ಅಲ್ಲೇ. ಗಿಡ್ಡ ಗಿಡ್ಡ ನೇರ ಎಳೆತ, ಒಂದರ ಅಂಚಿನ ಮೇಲೆ ಇನ್ನೊಂದು. ಪ್ರತಿ ಎಳೆತ ಮುಗಿದಾಗ ಬ್ರಷ್ಷನ್ನು ಎತ್ತಬೇಕು, ಹಿಂದಕ್ಕೆ ಉಜ್ಜಿಕೊಂಡು ಬರಬಾರದು. ದೋಸೆ ಹುಯ್ಯುವ ಹಾಗೆ ಸುತ್ತು ತಿರುಗಿಸುವುದಂತೂ ಬೇಡವೇ ಬೇಡ, ಪುಡಿ ಹೊರಗೆ ಬರುವ ಬದಲು ನೇಯ್ಗೆಯೊಳಕ್ಕೆ ಇಳಿಯುತ್ತದೆ. ಭಾರವನ್ನೂ ಹಾಕಬೇಡಿ, ಬ್ರಷ್ಷಿನ ತೂಕವೇ ಸಾಕು.

ಕೊನೆಯಲ್ಲಿ ಕಸವೆಲ್ಲ ಒಂದು ಗೆರೆಯಾಗಿ ಆ ತುದಿಗೆ ಸೇರಿರುತ್ತದೆ. ಅದನ್ನು ಪಾಕೆಟ್ಟಿಗೆ ತಳ್ಳುವ ಸೋಮಾರಿತನ ನಾನೂ ಮಾಡಿದ್ದೇನೆ. ಪಾಕೆಟ್ಟಿಗೆ ಬಿದ್ದ ಚೆಂಡು ಆ ಪುಡಿಯನ್ನು ಮೈಗೆ ಮೆತ್ತಿಕೊಂಡು ಮತ್ತೆ ಬಟ್ಟೆಯ ಮೇಲೆಯೇ ತಂದು ಹಚ್ಚುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಸೋಫಾಕ್ಕೆ ಹಾಕುವ ಮೆತ್ತನೆ ಮೂತಿ ಸಿಕ್ಕಿಸಿ, ಎಳೆತ ಅತಿ ಕಡಿಮೆ ಇಟ್ಟು ಆ ಗೆರೆಯನ್ನೂ ಪಾಕೆಟ್ಟುಗಳನ್ನೂ ಎಳೆದುಕೊಳ್ಳಿ. ಮೂತಿ ಇಟ್ಟಾಗ ಬಟ್ಟೆ ಕಲ್ಲಿನಿಂದ ಮೇಲೆದ್ದರೆ ಎಳೆತ ಜಾಸ್ತಿಯಾಯಿತೆಂದು ಅರ್ಥ. ತಿರುಗುವ ಬ್ರಷ್ ಇರುವ ಮೂತಿ ರತ್ನಗಂಬಳಿಗೆ ಇರಲಿ. ಇಷ್ಟಕ್ಕೆ ಇಪ್ಪತ್ತು ನಿಮಿಷ, ವಾರಕ್ಕೊಮ್ಮೆ.

ಈ ಪುಡಿಗೆ ಯಾಕಿಷ್ಟು ಹೆದರಬೇಕು ಎಂದರೆ, ಚಾಕ್ ಎನ್ನುವುದು ಹೆಸರಿಗೆ ಮಾತ್ರ. ಶಾಲೆಯ ಸೀಮೆಸುಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಅಮೆರಿಕದ ಬಿಲಿಯರ್ಡ್ಸ್ ಆಟಗಾರ ವಿಲಿಯಂ ಸ್ಪಿಂಕ್ಸ್ ಮತ್ತು ರಸಾಯನತಜ್ಞ ವಿಲಿಯಂ ಹಾಸ್ಕಿನ್ಸ್ 1897ರಲ್ಲಿ ಪೇಟೆಂಟ್ ಪಡೆದ ದಿನದಿಂದ ಅದರಲ್ಲಿರುವುದು ಸಿಲಿಕಾ, ಕೊರಂಡಮ್ಮಿನಂಥ ಗಟ್ಟಿ ಖನಿಜಗಳ ಪುಡಿ. ಉಪ್ಪುಕಾಗದಕ್ಕೆ ಹಚ್ಚುವ ಸಾಮಗ್ರಿಯೇ ಎನ್ನಿ. ಅದರ ಮೇಲೆ ಚೆಂಡು ಉರುಳಿದಷ್ಟೂ ಬಟ್ಟೆಯ ಎಳೆ ಸವೆಯುತ್ತದೆ. ಹಾಗಾಗಿ ನಮ್ಮ ಮನೆಯ ಕಾಯಿದೆ: ಕ್ಯೂಗೆ ಚಾಕ್ ಹಚ್ಚುವಾಗ ಟೇಬಲ್ಲಿನಿಂದ ಎರಡು ಹೆಜ್ಜೆ ಹಿಂದೆ ನಿಲ್ಲಬೇಕು, ತುದಿಯನ್ನು ಬಟ್ಟೆಯ ಕಡೆ ಊದಬಾರದು, ಚಾಕನ್ನು ಬಣ್ಣದ ಮುಖ ಮೇಲಾಗಿ ಇಡಬೇಕು. ಮಗ ಈಗಲೂ ಕವುಚಿ ಇಡುತ್ತಾನೆ. ಟಾಲ್ಕಂ ಪೌಡರ್ ಸವರಿಕೊಂಡು ಆಡುವ ಅವನ ಗೆಳೆಯರಿಗೆ ಕೈ ತೊಳೆದು ಬರಲು ಹೇಳುತ್ತೇನೆ. ಚೆಂಡುಗಳನ್ನು ತಿಂಗಳಿಗೆರಡು ಬಾರಿ ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ತೊಳೆದು, ಪೂರ್ತಿ ಒಣಗಿಸಿಯೇ ಇಡಬೇಕು. ಕಾರಿಗೆ ಹಚ್ಚುವ ಪಾಲಿಶ್ ಬೇಡ, ಅದರ ಜಿಡ್ಡು ಬಟ್ಟೆಗೆ ಹತ್ತುತ್ತದೆ.

ಇನ್ನು ಚೆಲ್ಲುವ ವಿಚಾರ. ಸಂಕ್ರಾಂತಿ ದಿನ ನಮ್ಮ ಭಾವನವರ ಕೈಯಿಂದ ಕಾಫಿ ಲೋಟ ಜಾರಿತು. ಅಂಥ ಹೊತ್ತಿನಲ್ಲಿ ಕೈ ತಾನಾಗಿ ಉಜ್ಜಲು ಹೋಗುತ್ತದೆ, ತಡೆದುಕೊಳ್ಳಿ. ಬಿಳಿ ಹತ್ತಿ ಟವೆಲನ್ನೇ ತೆಗೆದುಕೊಳ್ಳಿ, ಬಣ್ಣದ್ದಾದರೆ ಅದರ ಬಣ್ಣವೂ ಬಿಟ್ಟೀತು. ಕಲೆಯ ಅಂಚಿನಿಂದ ನಡುವಿನ ಕಡೆಗೆ ಒತ್ತಿ ಒತ್ತಿ ಹೀರಿಸಿ, ಒದ್ದೆಯಾದ ಜಾಗ ಬದಲಿಸುತ್ತ ಹೋಗಿ. ಟವೆಲಿಗೆ ಏನೂ ಹತ್ತದಂತಾದ ಮೇಲೆ ಇನ್ನೊಂದು ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ಹನಿ ಬೀಳದ ಹಾಗೆ ಹಿಂಡಿ, ಅದರಿಂದಲೂ ಒತ್ತಬೇಕು. ಬಿಸಿನೀರು ಕೂಡದು: ಹಾಲಿನ ಅಂಶ ಗಟ್ಟಿಯಾಗಿ ಕೂರುತ್ತದೆ, ಉಣ್ಣೆಯೂ ಕುಗ್ಗುತ್ತದೆ. ಬ್ಲೀಚು ಉಣ್ಣೆಯನ್ನೇ ತಿಂದುಹಾಕುತ್ತದೆ. ಆಮೇಲೆ ಫ್ಯಾನ್ ಗಾಳಿಯಲ್ಲಿ ಒಂದು ದಿನ ಒಣಗಲಿ, ಅಷ್ಟರೊಳಗೆ ಯಾರೂ ಆಡಬಾರದು. ಹೇರ್ ಡ್ರೈಯರ್ ತರಬೇಡಿ. ನೀರು ಕೆಳಗಿಳಿದರೆ ಬಟ್ಟೆ ಸಡಿಲವಾಗುತ್ತದೆ, ಕಲ್ಲು ಕೂಡಿದ ಜಾಗದಲ್ಲಿ ತುಂಬಿದ ಮೇಣವೋ ಪುಟ್ಟಿಯೋ ಎದ್ದರೆ ಚೆಂಡು ಅಲ್ಲಿ ಕುಪ್ಪಳಿಸುತ್ತದೆ. ಇಷ್ಟೆಲ್ಲ ಮಾಡಿಯೂ ನಮ್ಮಲ್ಲಿ ಒಂದು ಮಾಸಲು ಉಂಗುರ ಉಳಿಯಿತು. ಮಗ ಅದಕ್ಕೆ ‘ಮಾವನ ಹುಣ್ಣಿಮೆ’ ಎಂದು ಹೆಸರಿಟ್ಟಿದ್ದಾನೆ.

ಬಿಳಿ ಚುಕ್ಕೆಗಳನ್ನು ಕಂಡು ನಾನು ಅದನ್ನೂ ಕೊಳೆಯೆಂದುಕೊಂಡಿದ್ದೆ. ಅಲ್ಲ, ಅವು ಸುಟ್ಟ ಗುರುತು. ಜೋರಾಗಿ ಬ್ರೇಕ್ ಹೊಡೆದಾಗ ಚೆಂಡು ಬಟ್ಟೆಯ ಮೇಲೆ ಉಜ್ಜಿದ ಬಿಸಿಗೆ ಆಗುವಂಥವು, ತೊಳೆದರೆ ಹೋಗುವುದಿಲ್ಲ. ಬ್ರೇಕ್ ಹೊಡೆಯುವ ಜಾಗವನ್ನು ಆಗಾಗ ಬದಲಿಸಿಕೊಳ್ಳಬಹುದು, ಅಷ್ಟೇ. ದಾರ ಎದ್ದು ಕಂಡರೆ ಎಳೆಯಬೇಡಿ, ಕತ್ತರಿಯಲ್ಲಿ ಮಟ್ಟಸವಾಗಿ ಕತ್ತರಿಸಿ. ಇಸ್ತ್ರಿ ಹಾಕುವುದು ರೋಮದ ಬಟ್ಟೆಗೆ ಮಾತ್ರ, ಬ್ರಷ್ ಆದ ಮೇಲೆ, ಅದೇ ದಿಕ್ಕಿಗೆ. ಮೊದಲು ಹಳೆ ಪತ್ರಿಕೆಯ ಮೇಲೆ ಇಟ್ಟು ನೋಡಬೇಕಂತೆ, ಕಾಗದ ಕೆಂಪಗಾದರೆ ಕಾವು ಜಾಸ್ತಿ. ಕುಶನ್ನಿನ ಮೇಲೆ ಇಸ್ತ್ರಿ ಆಡಿಸಬಾರದು, ಒಳಗಿರುವುದು ರಬ್ಬರ್.

ಬೆಂಗಳೂರಿನಲ್ಲಿ ಟೇಬಲ್ಲಿಟ್ಟವರಿಗೆ ಇಲ್ಲಿಗೆ ಸಾಕು. ನಮ್ಮ ಕಡೆಯವರು ಮುಂದೆ ಓದಿ, ನಮಗಿರುವುದು ಮಳೆ. ಸ್ನೂಕರ್ ಆಟ ಹುಟ್ಟಿದ್ದೇ 1875ರ ಮಳೆಗಾಲದಲ್ಲಿ, ಜಬಲ್ಪುರದ ಬ್ರಿಟಿಷ್ ಸೈನ್ಯದ ಮೆಸ್ಸಿನಲ್ಲಂತೆ, ಹೊರಗೆ ಕಾಲಿಡಲಾಗದೆ ಕೂತವರಿಂದ. ಅವರ ಬಟ್ಟೆಗೆ ಬೂಷ್ಟು ಬಂದಿತ್ತೋ ಏನೋ, ನಮ್ಮದಕ್ಕಂತೂ ಮೊದಲ ಜುಲೈಯಲ್ಲೇ ಬಂತು. ಟೇಬಲ್ ಜೊತೆ ಬಂದಿದ್ದ ರೆಕ್ಸಿನ್ ಹೊದಿಕೆಯನ್ನು ಭದ್ರವಾಗಿ ಮುಚ್ಚಿಟ್ಟಿದ್ದೆ. ಹದಿನೈದು ದಿನ ಬಿಟ್ಟು ತೆಗೆದರೆ ಒಂದು ಮೂಲೆ ಪೂರ್ತಿ ಬೆಳ್ಳಗೆ. ತೇವ ಒಳಗೇ ಸಿಕ್ಕಿಹಾಕಿಕೊಂಡಿತ್ತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಒಣ ಬ್ರಷ್ಷಿನಿಂದ ನೇರ ವ್ಯಾಕ್ಯೂಮಿನ ಬಾಯಿಗೇ ತಳ್ಳಿ, ಎರಡು ದಿನ ಫ್ಯಾನ್ ಹಾಕಿಟ್ಟೆ.

ಅಂದಿನಿಂದ ಮಳೆಗಾಲಕ್ಕೆ ಹಳೆ ಹತ್ತಿ ದುಪ್ಪಟಿ, ಬೇಸಿಗೆಯ ಧೂಳಿಗೆ ರೆಕ್ಸಿನ್. ದೊಡ್ಡ ಪಂದ್ಯಗಳಲ್ಲಿ ಸ್ಲೇಟಿನ ಅಡಿಯಲ್ಲಿ ಹೀಟರ್ ಇಟ್ಟು ಬಟ್ಟೆಯನ್ನು ಒಣದಾಗಿ ಇಡುತ್ತಾರೆ, ಒಣ ಬಟ್ಟೆಯ ಮೇಲೆ ಚೆಂಡು ಚುರುಕಾಗಿ ಓಡುತ್ತದೆ. ಅದನ್ನು ಕೇಳಿದ್ದೇ ತಡ, ನಮ್ಮನೆಯವರು ಟೇಬಲ್ಲಿನಡಿ ಬಲ್ಬು ಹಚ್ಚಿಡುವ ಉಪಾಯ ತೆಗೆದರು. ಮರದ ಚೌಕಟ್ಟು, ಕರೆಂಟು ಹೋಗಿ ಬರುವ ಊರು, ನಾನು ಒಪ್ಪಲಿಲ್ಲ. ಬದಲಿಗೆ ಡಿಹ್ಯುಮಿಡಿಫೈಯರ್ ತಂದೆವು. ಕೋಣೆಯ ತೇವವನ್ನು ಶೇ. 50ರ ಆಸುಪಾಸಿಗೆ ತರಬೇಕೆಂದು ಅದನ್ನು ಓಡಿಸುತ್ತೇವೆ, ದಿನವೂ ಸಂಜೆ ಅದರ ಡಬ್ಬಿ ತುಂಬ ನೀರು. ನುಸಿಗುಳಿಗೆಯನ್ನು ಚಿಕ್ಕ ಗಂಟು ಕಟ್ಟಿ ಕೆಳಗಿನ ಚೌಕಟ್ಟಿಗೆ ತೂಗುಹಾಕಿದ್ದೇನೆ, ಬಟ್ಟೆಗೆ ತಾಗದ ಹಾಗೆ. ಉಣ್ಣೆ ಇದ್ದಲ್ಲಿ ನುಸಿ ಹುಡುಕಿಕೊಂಡು ಬರುತ್ತದೆ.

ಹೋದ ವರ್ಷ ನಡುವೆ ಬಟ್ಟೆ ಹೊಳೆಯತೊಡಗಿತು, ಬೆಳಕಿಗೆ ಓರೆಯಾಗಿ ನೋಡಿದರೆ ಎಳೆ ಎಣಿಸಬಹುದಾಗಿತ್ತು. ಆ ಹಂತದಲ್ಲಿ ಯಾವ ಬ್ರಷ್ಷೂ ನಡೆಯದು. ಹೊಸದನ್ನು ಕೈಯಾರೆ ಹಾಕುವ ಸಾಹಸ ಮಾಡಬೇಡಿ, ಬಟ್ಟೆಯನ್ನು ಸಮನಾಗಿ ಬಿಗಿಯುವುದು ಕಸುಬುದಾರರ ಕೆಲಸ. ಮಾರ್ಕರ್ ಹಿರಿಯರೇ ಶಿಷ್ಯನೊಬ್ಬನನ್ನು ಕರೆತಂದು ಹಾಕಿಕೊಟ್ಟರು. ಹಳೆಯದನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಕುರ್ಚಿಗಳ ಕಾಲಡಿಗೆ ಅಂಟಿಸಿದ್ದೇನೆ. ಮಾವನ ಹುಣ್ಣಿಮೆ ಇದ್ದ ತುಂಡು ಭಾವನವರು ಬಂದಾಗ ಕೂರುವ ಕುರ್ಚಿಗೆ ಹೋಯಿತು.