ಎರೆ ಮಣ್ಣು ಹರಿದ ವೈರು

ರಾಯಚೂರಿನ ನಮ್ಮ ಮನೆ ಮುಂದೆ ಸ್ವಲ್ಪ ಗರಿಕೆ ಹುಲ್ಲಿದೆ. ಅದನ್ನು ಕತ್ತರಿಸಲು ರೋಬೋ ಯಂತ್ರ ತಂದಿದ್ದೆ. ಏಪ್ರಿಲ್‌ನಲ್ಲಿ ಒಂದು ದಿನ ಅದು ಚಾರ್ಜಿಂಗ್ ಸ್ಟ್ಯಾಂಡ್ ಬಿಟ್ಟು ಕದಲಲೇ ಇಲ್ಲ. ಪರದೆಯಲ್ಲಿ ‘ಸಿಗ್ನಲ್ ಇಲ್ಲ’. “ಒಂದು ಆಕಳ ಕಟ್ಟಿದ್ರ ತಾನಾ ಮೇಯ್ತಿತ್ತಲ್ಲೋ” ಅಂತ ಅವ್ವ ನಕ್ಕಳು.

ಬ್ಯಾಟರಿ ನೋಡಿದೆ, ಬ್ಲೇಡ್ ಒರೆಸಿದೆ. ಸುಮ್ನೆ ಎರಡು ದಿನ ಹೋಯಿತು. ತಪ್ಪಿದ್ದದ್ದು ನೆಲದಲ್ಲಿ. ಈ ಥರದ ಯಂತ್ರಕ್ಕೆ ಅಂಗಳದ ಸುತ್ತ ತೆಳು ವೈರು ಹೂಳಬೇಕು. ಅದರಲ್ಲಿ ಹರಿಯುವ ಸಿಗ್ನಲ್ಲೇ ಬೇಲಿ. ನಮ್ಮದೋ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬೆರಳು ತೂರುವಷ್ಟು ಬಿರಿಯುತ್ತದೆ. ನಾನು ವೈರನ್ನು ವೀಣೆ ತಂತಿಯ ಹಾಗೆ ಬಿಗಿದಿದ್ದೆ!

ಸ್ಟ್ಯಾಂಡಿನ ಕರೆಂಟ್ ತೆಗೆದು, ವೈರಿನ ಎರಡೂ ತುದಿ ಬಿಚ್ಚಿ ಮಲ್ಟಿಮೀಟರ್ ಹಿಡಿದೆ. ವೈರು ಎಲ್ಲೂ ತುಂಡಾಗದಿದ್ದರೆ ಈ ಮೀಟರ್ ಬೀಪ್ ಅನ್ನಬೇಕು. ಬೀಪ್ ಇಲ್ಲ. ಅಂದರೆ ಎಲ್ಲೋ ತುಂಡಾಗಿದೆ. ಅರ್ಧ ದಾರಿಯಲ್ಲಿ ವೈರಿಗೆ ಗುಂಡುಪಿನ್ನು ಚುಚ್ಚಿ, ಉದ್ದನೆಯ ಬೇರೆ ವೈರಿನಿಂದ ಮೀಟರಿಗೆ ಜೋಡಿಸಿ ನೋಡಿದೆ. ಬೀಪ್ ಬಾರದ ಕಡೆ ಮತ್ತೆ ಅರ್ಧ, ಮತ್ತೆ ಅರ್ಧ. ಕೊನೆಗೆ ಕರಿಬೇವಿನ ಗಿಡದ ಹತ್ತಿರ, ದೊಡ್ಡ ಬಿರುಕಿನೊಳಗೆ, ಹರಿದ ಎರಡು ತುದಿ ಸಿಕ್ಕವು.

ಬರೀ ಟೇಪ್ ಸುತ್ತಿದರೆ ನೀರಿಳಿದು ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಅದಕ್ಕೇ ಜೆಲ್ ತುಂಬಿದ ಕನೆಕ್ಟರ್ ಹಾಕಿದೆ. ಒಂದು ಗೇಣು ವೈರು ಜಾಸ್ತಿ ಸೇರಿಸಿ ಸಡಿಲ ಬಿಟ್ಟೆ. ಪಿನ್ನು ಚುಚ್ಚಿದ ತೂತುಗಳನ್ನೂ ಮುಚ್ಚಿದೆ. ಬಿರುಕಿಗೆ ಮರಳು ತುಂಬಿದೆ.

ಸಂಜೆ ಯಂತ್ರ ಹೊರಟಿತು. ಅವ್ವ ಚಹಾ ಹಿಡಿದು ಕಟ್ಟೆ ಮೇಲೆ ಕೂತು ನೋಡುತ್ತಿದ್ದಳು.