ಹೈಪರ್‌ಸ್ಪೆಕ್ಟ್ರಲ್ ಚಿತ್ರವನ್ನು ಸಾಫ್ಟ್‌ವೇರ್‌ಗೆ ತರುವ ಕ್ರಮ: ಇಂಡಿಯನ್ ಪೈನ್ಸ್ ಕಡತದ ಮೇಲೆ ಒಂದು ಅಭ್ಯಾಸ

ಬೆಳಕನ್ನು ನೂರಾರು ಕಿರಿದಾದ ತರಂಗಾಂತರ ಪಟ್ಟಿಗಳಾಗಿ, ಅಂದರೆ ಬ್ಯಾಂಡ್‌ಗಳಾಗಿ, ಬಿಡಿಸಿ ದಾಖಲಿಸುವ ಹೈಪರ್‌ಸ್ಪೆಕ್ಟ್ರಲ್ ಚಿತ್ರವನ್ನು ಸಾಫ್ಟ್‌ವೇರ್ ತೆರೆದು ತೋರಿಸಿತು ಎಂದ ಮಾತ್ರಕ್ಕೆ ಅದು ಸರಿಯಾಗಿ ಒಳಬಂದಿದೆ ಎಂದು ತಿಳಿಯಬಾರದು. ಇನ್ನೂರಕ್ಕೂ ಹೆಚ್ಚು ಬ್ಯಾಂಡ್‌ಗಳಿರುವ ಕಡತದಲ್ಲಿ ಪರದೆಯ ಮೇಲೆ ಒಮ್ಮೆಗೆ ಕಾಣುವುದು ಮೂರೇ ಬ್ಯಾಂಡ್. ಉಳಿದವುಗಳ ತರಂಗಾಂತರ ಅದಲುಬದಲಾಗಿದ್ದರೂ, ಪಿಕ್ಸೆಲ್‌ಗಳಲ್ಲಿ ದಾಖಲಾದ ಅಂಕಿಗಳ, ಅಂದರೆ ಬೆಲೆಗಳ, ಅಳತೆ ತಪ್ಪಿದ್ದರೂ, ಚಿತ್ರ ಮಾತ್ರ ಅಂದವಾಗಿಯೇ ಕಾಣುತ್ತಿರುತ್ತದೆ. ಆಮೇಲೆ ವಾರಗಟ್ಟಲೆ ನಡೆಸುವ ವರ್ಗೀಕರಣವೆಲ್ಲ ಆ ತಪ್ಪಿನ ಮೇಲೆಯೇ ನಿಲ್ಲುತ್ತದೆ. ಆದ್ದರಿಂದ ತೆರೆಯುವ ಮೊದಲು ಒಂದು ಗುಣಾಕಾರ, ತೆರೆದ ಮೇಲೆ ಒಂದು ರೋಹಿತದ (ತರಂಗಾಂತರಕ್ಕೆ ತಕ್ಕಂತೆ ಬೆಲೆ ಏರಿಳಿಯುವ ರೇಖೆಯ) ಪರೀಕ್ಷೆ, ಇವೆರಡನ್ನು ಮಾಡದೆ ಮುಂದೆ ಹೋಗಬಾರದೆಂದು ನಾನು ಹೊಸಬರಿಗೆ ಒತ್ತಿ ಹೇಳುತ್ತೇನೆ.

ಅಭ್ಯಾಸಕ್ಕೆ ಇಂಡಿಯನ್ ಪೈನ್ಸ್ ಎಂಬ ಕಡತ ಅನುಕೂಲ. ಹೆಸರು ನೋಡಿ ಇದು ನಮ್ಮ ದೇಶದ್ದೆಂದು ಭಾವಿಸುವವರುಂಟು. ಇದು ಅಮೆರಿಕದ ಇಂಡಿಯಾನಾ ರಾಜ್ಯದ ವಾಯವ್ಯ ಭಾಗದ ಹೊಲ ಮತ್ತು ಕಾಡಿನ ಚಿತ್ರ. ನಾಸಾದ ಎವಿರಿಸ್ ಉಪಕರಣ 1992ರ ಜೂನ್ 12ರಂದು ವಿಮಾನದಿಂದ ತೆಗೆದ ಇದನ್ನು ಪರ್ಡ್ಯೂ ವಿಶ್ವವಿದ್ಯಾಲಯವು ಎಲ್ಲರ ಬಳಕೆಗೆ ಬಿಟ್ಟುಕೊಟ್ಟಿದೆ. ಅಗಲ 145 ಪಿಕ್ಸೆಲ್, ಉದ್ದ 145 ಪಿಕ್ಸೆಲ್. ಉಪಕರಣದ 224 ಬ್ಯಾಂಡ್‌ಗಳಲ್ಲಿ ನಾಲ್ಕನ್ನು ಕೈಬಿಟ್ಟು 220 ಉಳಿಸಿಕೊಳ್ಳಲಾಗಿದೆ. ಬೆಲೆಯೊಂದಕ್ಕೆ 2 ಬೈಟ್. ಇದರ ಹಳೆಯ ರೂಪ ಅರ್ಡಾಸ್ ಸಾಫ್ಟ್‌ವೇರಿನ ಲ್ಯಾನ್ ಸ್ವರೂಪದಲ್ಲಿ ಸಿಗುತ್ತದೆ.

ಈಗ ಗುಣಾಕಾರಕ್ಕೆ ಬರೋಣ. 145ನ್ನು 145ರಿಂದ, ಅದನ್ನು 220ರಿಂದ, ಅದನ್ನು ಮತ್ತೆ 2ರಿಂದ ಗುಣಿಸಿದರೆ 92,51,000 ಬೈಟ್ ಆಗುತ್ತದೆ. ಲ್ಯಾನ್ ಸ್ವರೂಪದಲ್ಲಿ ದತ್ತಾಂಶಕ್ಕೆ ಮೊದಲು 128 ಬೈಟ್‌ಗಳ ಪೀಠಿಕೆ ಇರುವುದರಿಂದ ಕಡತದ ಒಟ್ಟು ಗಾತ್ರ 92,51,128 ಬೈಟ್ ಬರಬೇಕು. ಕಡತದ ಗುಣಲಕ್ಷಣಗಳಲ್ಲಿ ಇದೇ ಅಂಕಿ ಕಂಡರೆ ಅಳತೆಗಳ ವಿಚಾರದಲ್ಲಿ ನಿಶ್ಚಿಂತೆ. ಕಡಿಮೆ ಇದ್ದರೆ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ. ಸರಿಸುಮಾರು ಎರಡರಷ್ಟಿದ್ದರೆ ಯಾರೋ ಅದನ್ನು 4 ಬೈಟ್‌ಗಳ ಬೆಲೆಗಳಿಗೆ ಪರಿವರ್ತಿಸಿರುವ ಸಾಧ್ಯತೆ ಹೆಚ್ಚು. ಒಮ್ಮೆ ನನ್ನ ಬಳಿಗೆ ಬಂದ ಪೆನ್‌ಡ್ರೈವ್‌ನಲ್ಲಿ ಕೆಲವೇ ಕಿಲೋಬೈಟ್‌ಗಳ ಹೆಡರ್ ಕಡತ (ದತ್ತಾಂಶದ ವಿವರ ಬರೆದಿಡುವ ಪುಟ್ಟ ಕಡತ) ಮಾತ್ರ ಇತ್ತು, ದತ್ತಾಂಶ ತಂದವರ ಊರಿನ ಕಂಪ್ಯೂಟರಿನಲ್ಲೇ ಉಳಿದಿತ್ತು. ಗಾತ್ರ ನೋಡುವ ಅಭ್ಯಾಸವಿದ್ದರೆ ಅವರಿಗೆ ಒಂದು ದಿನದ ಪ್ರಯಾಣ ಉಳಿಯುತ್ತಿತ್ತು.

ಲ್ಯಾನ್ ಕಡತವನ್ನು ನಕ್ಷೆ ಮತ್ತು ಚಿತ್ರ ಕಡತಗಳನ್ನು ಓದುವ ಜಿಡಿಎಎಲ್ ಲೈಬ್ರರಿ ಗುರುತಿಸುವುದರಿಂದ, ನಕ್ಷೆಗಳ ಸಾಫ್ಟ್‌ವೇರ್ ಆದ ಕ್ಯೂಜಿಐಎಸ್‌ನಲ್ಲಿ ನೇರವಾಗಿ ತೆರೆಯಬಹುದು. ಪೈಥಾನ್‌ನ ಸ್ಪೆಕ್ಟ್ರಲ್ ಲೈಬ್ರರಿಯೂ ತೆರೆಯುತ್ತದೆ. ಆದರೂ ಅದಕ್ಕೊಂದು ಎನ್ವಿ ಹೆಡರನ್ನು ಕೈಯಾರೆ ಬರೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಲ್ಯಾನ್ ಸ್ವರೂಪದಲ್ಲಿ ತರಂಗಾಂತರಗಳನ್ನು ಇಡಲು ಜಾಗವಿಲ್ಲ. ಎನ್ವಿ ಹೆಡರ್ ಎಂದರೆ ಯಾವುದೇ ಟೆಕ್ಸ್ಟ್ ಎಡಿಟರ್‌ನಲ್ಲಿ ಓದಿ ಬರೆಯಬಹುದಾದ ಸಾದಾ ಪಠ್ಯ. ಅದರ ಮೊದಲ ಸಾಲಿನಲ್ಲಿ ಎನ್ವಿ (ENVI) ಎಂಬ ಪದ ಇಂಗ್ಲಿಷ್ ಅಕ್ಷರಗಳಲ್ಲಿ ಇರಬೇಕು. ಕೆಳಗೆ, ಇವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ, ಸ್ಯಾಂಪಲ್ಸ್ 145, ಲೈನ್ಸ್ 145, ಬ್ಯಾಂಡ್ಸ್ 220, ಹೆಡರ್ ಆಫ್‌ಸೆಟ್ 128, ಡೇಟಾ ಟೈಪ್ 2, ಇಂಟರ್‌ಲೀವ್ ಬಿಐಎಲ್ ಎಂದು ಬರೆಯಬೇಕು. ಡೇಟಾ ಟೈಪ್ 2 ಎಂದರೆ ಚಿಹ್ನೆಸಹಿತ 16 ಬಿಟ್ ಪೂರ್ಣಾಂಕ. 4 ಎಂದರೆ 32 ಬಿಟ್ ದಶಮಾಂಶ. 12 ಎಂದರೆ ಚಿಹ್ನೆಯಿಲ್ಲದ 16 ಬಿಟ್. ಬೆಲೆಯ ಎರಡು ಬೈಟ್‌ಗಳಲ್ಲಿ ಯಾವುದು ಮೊದಲು ಎಂದು ಹೇಳುವ ಬೈಟ್ ಆರ್ಡರ್‌ಗೆ ಮೊದಲು 0 ಕೊಟ್ಟು ನೋಡಿ, ಬೆಲೆಗಳು ಅಸಂಬದ್ಧವಾದರೆ 1 ಕೊಡಿ. ಹೆಡರ್ ಮತ್ತು ದತ್ತಾಂಶ ಒಂದೇ ಫೋಲ್ಡರಿನಲ್ಲಿ, ಒಂದೇ ಮೂಲ ಹೆಸರಿನಲ್ಲಿ ಇರಬೇಕು.

ಇಂಟರ್‌ಲೀವ್ ಎಂಬುದು ಬೆಲೆಗಳನ್ನು ಕಡತದಲ್ಲಿ ಜೋಡಿಸಿದ ಕ್ರಮ. ಬಿಎಸ್‌ಕ್ಯೂನಲ್ಲಿ ಮೊದಲ ಬ್ಯಾಂಡಿನ ಇಡೀ ಚಿತ್ರ ಮುಗಿದ ಮೇಲೆ ಎರಡನೆಯದು ಶುರುವಾಗುತ್ತದೆ. ಬಿಐಎಲ್‌ನಲ್ಲಿ ಒಂದು ಸಾಲಿನ ಎಲ್ಲ ಬ್ಯಾಂಡ್‌ಗಳು ಒಂದರ ಹಿಂದೊಂದು ಬಂದು, ಆಮೇಲೆ ಮುಂದಿನ ಸಾಲು ಬರುತ್ತದೆ. ಬಿಐಪಿಯಲ್ಲಿ ಒಂದು ಪಿಕ್ಸೆಲ್‌ನ ಎಲ್ಲ ಬ್ಯಾಂಡ್‌ಗಳು ಒಟ್ಟಿಗಿರುತ್ತವೆ. ಇದನ್ನು ತಪ್ಪಾಗಿ ಕೊಟ್ಟರೆ ಚಿತ್ರ ಪಟ್ಟೆಪಟ್ಟೆಯಾಗಿ ಒಡೆದು ಕಾಣುವುದರಿಂದ ತಪ್ಪು ಕೂಡಲೇ ತಿಳಿಯುತ್ತದೆ. ಬೈಟ್ ಆರ್ಡರ್ ತಪ್ಪಿದರೂ ಹಾಗೆಯೇ: 3000 ಎಂಬ ಬೆಲೆ -18421 ಆಗಿ, ಪರದೆಯ ತುಂಬ ಮರಳು ಚೆಲ್ಲಿದಂತೆ ಕಾಣುತ್ತದೆ.

ಮೋಸ ಹೋಗುವುದು ಹೆಡರ್ ಆಫ್‌ಸೆಟ್ ತಪ್ಪಿದಾಗ. 128ರ ಬದಲು 0 ಕೊಟ್ಟರೆ ಪ್ರತಿ ಬೆಲೆಯೂ 64 ಸ್ಥಾನ ಮುಂದಕ್ಕೆ ಸರಿಯುತ್ತದೆ. ಹೊಲಗಳ ಅಂಚು, ರಸ್ತೆ ಎಲ್ಲವೂ ಸ್ಪಷ್ಟವಾಗಿಯೇ ಇರುತ್ತವೆ, ಆದರೆ 64ನೇ ಕಂಬಸಾಲಿನ ನಂತರ ಮೇಲಿಂದ ಕೆಳಗೆ ಒಂದು ನೇರ ಹೊಲಿಗೆ ಕಾಣುತ್ತದೆ. ಚಿತ್ರದ ಬಲ ಅಂಚಿನ ಭಾಗ ಎಡಕ್ಕೆ ಬಂದು ಕೂತಿರುತ್ತದೆ. ಅಷ್ಟೇ ಅಲ್ಲ, ಬಿಐಎಲ್ ಜೋಡಣೆಯ ಕಾರಣ ಹಾಗೆ ಎಡಕ್ಕೆ ಬಂದ ಭಾಗ ಹಿಂದಿನ ಬ್ಯಾಂಡಿನದ್ದು. ಅಕ್ಕಪಕ್ಕದ ಬ್ಯಾಂಡ್‌ಗಳು ಬಹುಪಾಲು ಒಂದೇ ಬಗೆಯಾಗಿರುವುದರಿಂದ ಆ ಹೊಲಿಗೆಯನ್ನು ಹೊಲದ ಬೇಲಿಯೆಂದು ತಿಳಿದು ಮುಂದೆ ಸಾಗುವುದು ಸುಲಭ.

ಇನ್ನು ತರಂಗಾಂತರಗಳ ಮಾತು. ಪ್ರತಿ ಬ್ಯಾಂಡಿನ ಕೇಂದ್ರ ತರಂಗಾಂತರ ಮತ್ತು ಅಗಲವನ್ನು ಕೊಡುವ ಪ್ರತ್ಯೇಕ ಪಠ್ಯ ಕಡತ ಈ ಚಿತ್ರಕ್ಕೂ ಇದೆ. ಅದರಲ್ಲಿನ ಪಟ್ಟಿಯನ್ನು ಹೆಡರ್‌ನ ವೇವ್‌ಲೆಂತ್ ಎಂಬಲ್ಲಿ ಪುಷ್ಪಾವರಣದೊಳಗೆ, ಅಲ್ಪವಿರಾಮಗಳಿಂದ ಬೇರ್ಪಡಿಸಿ ಅಂಟಿಸಿ, ಮಾನ ನ್ಯಾನೊಮೀಟರೋ ಮೈಕ್ರೊಮೀಟರೋ ಎಂಬುದನ್ನೂ ತಪ್ಪದೆ ನಮೂದಿಸಬೇಕು. ಇದೇ ಚಿತ್ರದ ಮ್ಯಾಟ್‌ಲ್ಯಾಬ್ ರೂಪವನ್ನು ಬಳಸುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಆ 'ತಿದ್ದಿದ' ಕಡತದಲ್ಲಿ ನೀರಾವಿ ಹೀರಿಕೊಳ್ಳುವ 104ರಿಂದ 108, 150ರಿಂದ 163 ಮತ್ತು 220ನೇ ಬ್ಯಾಂಡ್‌ಗಳನ್ನು ತೆಗೆದುಹಾಕಿ 200 ಮಾತ್ರ ಉಳಿಸಲಾಗಿದೆ. ತರಂಗಾಂತರದ ಪಟ್ಟಿಯಿಂದಲೂ ಅದೇ 20ನ್ನು ತೆಗೆಯದೆ, ಮೊದಲ 200ನ್ನು ಕತ್ತರಿಸಿ ಜೋಡಿಸಿದರೆ 103ನೇ ಬ್ಯಾಂಡಿನವರೆಗೆ ಎಲ್ಲ ಸರಿಯಾಗಿದ್ದು, ಅಲ್ಲಿಂದಾಚೆಗೆ ಎಲ್ಲವೂ ತಪ್ಪುತ್ತದೆ. ಪೈಥಾನ್ ಸೊನ್ನೆಯಿಂದ ಎಣಿಸುವುದರಿಂದ ಅಲ್ಲಿ ತೆಗೆಯಬೇಕಾದವು 103ರಿಂದ 107, 149ರಿಂದ 162 ಮತ್ತು 219. ಕ್ಯೂಜಿಐಎಸ್‌ನಲ್ಲಿ 30, 20, 10 ಎಂದು ಆರಿಸಿ ನೋಡುವ ಸಹಜವರ್ಣ ಚಿತ್ರಕ್ಕೆ ಪೈಥಾನ್‌ನಲ್ಲಿ 29, 19, 9 ಎಂದು ಕೊಡಬೇಕಾಗುವುದೂ ಇದೇ ಕಾರಣಕ್ಕೆ.

ತೆರೆದ ಮೇಲಿನ ಪರೀಕ್ಷೆಗೆ ಒಂದು ಪಿಕ್ಸೆಲ್ ಆರಿಸಿ ಅದರ ರೋಹಿತವನ್ನು ಬಿಡಿಸಿ ನೋಡಬೇಕು. ಹಸಿರು ಎಲೆಯ ರೋಹಿತವು 680 ನ್ಯಾನೊಮೀಟರ್ ಹತ್ತಿರ ತಗ್ಗಿದ್ದು 750ರ ವೇಳೆಗೆ ಕಡಿದಾಗಿ ಏರುತ್ತದೆ ಎಂಬುದನ್ನು ನೆನೆದು ಹಲವರು ಮುಸುಕಿನ ಜೋಳದ ಹೊಲವೊಂದನ್ನು ಆರಿಸುತ್ತಾರೆ, ಆ ಏರು ಕಾಣದೆ ಕಡತವೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕಡತ ಕೆಟ್ಟಿರುವುದಿಲ್ಲ. ಜೂನ್ ತಿಂಗಳಲ್ಲಿ ಅಲ್ಲಿನ ಮುಸುಕಿನ ಜೋಳ ಮತ್ತು ಸೋಯಾ ಈಗಷ್ಟೇ ಮೊಳೆತು, ನೆಲದ ನೂರಕ್ಕೆ ಐದು ಭಾಗವನ್ನೂ ಮುಚ್ಚಿರಲಿಲ್ಲ. ಕಾಣುವುದು ಬಹುಪಾಲು ಮಣ್ಣು ಮತ್ತು ಹಿಂದಿನ ಬೆಳೆಯ ಕೂಳೆ. ಆದ್ದರಿಂದ ಜೊತೆಗೆ ಬರುವ, ಎಲ್ಲಿ ಯಾವ ಬೆಳೆ ಅಥವಾ ಕಾಡು ಇದೆ ಎಂದು ತೋರಿಸುವ ವರ್ಗನಕ್ಷೆಯಲ್ಲಿ 14ನೇ ವರ್ಗವಾದ ಕಾಡಿನ ಪಿಕ್ಸೆಲನ್ನು ಆರಿಸಿ. ಅಲ್ಲಿ ಆ ಏರು ಎದ್ದು ಕಾಣುತ್ತದೆ. ನನಗೆ ಇದಕ್ಕಿಂತಲೂ ಹೆಚ್ಚು ನಂಬಿಕೆಯಿರುವುದು ವಾತಾವರಣ ಬಿಟ್ಟುಹೋದ ಗುರುತುಗಳ ಮೇಲೆ: 760ರಲ್ಲಿ ಆಮ್ಲಜನಕದ ಸಣ್ಣ ಕುಳಿ, 940 ಮತ್ತು 1130ರ ಸುತ್ತ ನೀರಾವಿಯ ತಗ್ಗು, 1400 ಮತ್ತು 1900ರಲ್ಲಿ ಪೂರ್ತಿ ಕುಸಿತ. ನೆಲದ ಮೇಲೆ ಏನೇ ಇರಲಿ, ಇವು ಇದ್ದಲ್ಲೇ ಇರುತ್ತವೆ. ಇವು ತಮ್ಮ ಜಾಗದಲ್ಲಿಲ್ಲದಿದ್ದರೆ ತರಂಗಾಂತರದ ಪಟ್ಟಿ ಜಾರಿದೆ ಎಂದೇ ಅರ್ಥ.

ಆ ಕುಸಿತದಲ್ಲಿ ಬೆಲೆ ಸೊನ್ನೆಗೆ ಇಳಿಯದೆ ಸಾವಿರದ ಆಸುಪಾಸಿನಲ್ಲಿ ನಿಲ್ಲುವುದನ್ನು ಗಮನಿಸಿ. ಇಲ್ಲಿರುವುದು ರಿಫ್ಲೆಕ್ಟೆನ್ಸ್ (ನೆಲ ಪ್ರತಿಫಲಿಸಿದ ಬೆಳಕಿನ ಪಾಲು) ಅಲ್ಲ, ರೇಡಿಯನ್ಸ್ (ಉಪಕರಣಕ್ಕೆ ತಲುಪಿದ ಬೆಳಕಿನ ಪ್ರಮಾಣ). ಅದನ್ನೂ 500ರಿಂದ ಗುಣಿಸಿ 1000 ಕೂಡಿಸಿ ಇಡಲಾಗಿದೆ. ಆ ಸಾವಿರವನ್ನು ಕಳೆಯದೆ ಅನುಪಾತಗಳನ್ನು ಲೆಕ್ಕ ಹಾಕಿದರೆ ಫಲಿತಾಂಶ ಕುಗ್ಗುತ್ತದೆ. ಉದಾಹರಣೆಗೆ, ಸಮೀಪ ಅವಕೆಂಪು ಬೆಲೆ 5000, ಕೆಂಪು 2600 ಇದ್ದರೆ ಇವೆರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ ಪಡೆಯುವ ಸಸ್ಯ ಸೂಚ್ಯಂಕ 0.32 ಬರುತ್ತದೆ, ಸಾವಿರ ಕಳೆದ ಮೇಲೆ ಅದೇ ಪಿಕ್ಸೆಲ್‌ಗೆ 0.43 ಬರುತ್ತದೆ.

ಬೇರೆ ಉಪಕರಣಗಳ ಕಡತಗಳಿಗೂ ಕ್ರಮ ಇದೇ, ಎಚ್ಚರ ಬೇಕಾದ ಜಾಗಗಳು ಬೇರೆ. ಇಟಲಿಯ ಪ್ರಿಸ್ಮಾ ಉಪಗ್ರಹದ ಎಚ್‌ಡಿಎಫ್5 ಕಡತದಲ್ಲಿ ದತ್ತಾಂಶದ ಎರಡು ಘನಗಳು (ಬ್ಯಾಂಡ್‌ಗಳ ಎರಡು ಗುಂಪುಗಳು) ಬೇರೆಬೇರೆ ಇದ್ದು, ತರಂಗಾಂತರಗಳು ಇಳಿಕೆಯ ಕ್ರಮದಲ್ಲಿರುತ್ತವೆ. ಜರ್ಮನಿಯ ಎನ್‌ಮ್ಯಾಪ್ ಉಪಗ್ರಹದ ಎಲ್2ಎ (ವಾತಾವರಣದ ಪ್ರಭಾವ ತೆಗೆದ) ಬೆಲೆಗಳನ್ನು 10,000ದಿಂದ ಭಾಗಿಸಬೇಕು. ಬಾಹ್ಯಾಕಾಶ ನಿಲ್ದಾಣದಲ್ಲಿರುವ ಎಮಿಟ್ ಉಪಕರಣದ ನೆಟ್‌ಸಿಡಿಎಫ್ ಕಡತವನ್ನು ಅದರೊಳಗಿನ ಸ್ಥಾನಸೂಚಿ ಕೋಷ್ಟಕದ ಮೂಲಕ ನೆಲಕ್ಕೆ ಹೊಂದಿಸದೆ ನಕ್ಷೆಯ ಮೇಲೆ ಇಡುವಂತಿಲ್ಲ. 2015ರ ಕೊನೆಯಿಂದ ಇಸ್ರೊ ಮತ್ತು ನಾಸಾ ಜೊತೆಗೂಡಿ ಭಾರತದ ಹಲವು ಪ್ರದೇಶಗಳ ಮೇಲೆ ಹಾರಿಸಿದ ಎವಿರಿಸ್-ಎನ್‌ಜಿಯ ಕಡತಗಳಲ್ಲಿ 400ಕ್ಕೂ ಹೆಚ್ಚು ಬ್ಯಾಂಡ್‌ಗಳಿದ್ದು, ಒಂದೊಂದು ಹಾರಾಟದ ಪಟ್ಟಿಯೇ ಹಲವು ಗಿಗಾಬೈಟ್ ಆಗಬಹುದು. ಅವನ್ನು ಪೂರ್ತಿ ಮೆಮೊರಿಗೆ ತುಂಬಲು ಹೋಗದೆ ಬೇಕಾದ ತುಂಡನ್ನು ಮಾತ್ರ ಕತ್ತರಿಸಿ ತೆಗೆದುಕೊಳ್ಳಬೇಕು.

ಎಲ್ಲ ಸರಿಯಿದೆ ಎಂದಾದ ಮೇಲೆ ಮೂಲ ಕಡತವನ್ನು ಮುಟ್ಟದೆ ಅದರ ಒಂದು ಪ್ರತಿಯನ್ನು ಎನ್ವಿ ಸ್ವರೂಪದಲ್ಲಿ ಉಳಿಸಿ, ಹೆಡರ್‌ನ ವಿವರಣೆಯ ಜಾಗದಲ್ಲಿ ಬೆಲೆಗಳ ಮಾನ ಮತ್ತು ಸಾವಿರದ ಕೂಡಿಕೆಯನ್ನು ಬರೆದಿಡಿ. ಬಳಿಕ ಮೂಲ ಮತ್ತು ಪ್ರತಿ ಎರಡನ್ನೂ ಹೊಸದಾಗಿ ತೆರೆದು, ಕಾಡಿನ ಅದೇ ಪಿಕ್ಸೆಲ್‌ನ 220 ಬೆಲೆಗಳನ್ನು ಒಂದರಿಂದೊಂದು ಕಳೆಯಿರಿ. ಉತ್ತರ 220 ಬಾರಿಯೂ ಸೊನ್ನೆ ಬರಬೇಕು.