ನಮ್ಮ ಅಂಕಿ ಯಾವ ಆದೇಶದಲ್ಲಿ ಕೂತಿದೆ? ಹುಡುಕಿದ ಅನುಭವ

ನಮ್ಮ ತಂಡದ ಕಡಲ ಸಂಶೋಧನೆ ಸರ್ಕಾರದ ಆದೇಶಗಳ ಮೇಲೆ ಎಷ್ಟು ಪ್ರಭಾವ ಬೀರಿದೆ ಅಂತ ಅಳೆಯಲು, ಪೇಪರಿನ ಹೆಸರು ಬಿಟ್ಟು ಅದರೊಳಗಿನ ಅಂಕಿಯನ್ನೇ ಬೆನ್ನಟ್ಟುತ್ತೇನೆ ಅಂದಾಗ ವಿಭಾಗದಲ್ಲಿ ಯಾರೂ ನಂಬಲಿಲ್ಲ. "ಇದು ಪತ್ತೇದಾರಿ ಕೆಲಸ, ಅಳತೆ ಅಲ್ಲ" ಎಂದರು ಒಬ್ಬ ಹಿರಿಯರು. ಈಗ ಅವರೇ ವಾರ್ಷಿಕ ವರದಿ ಹೊತ್ತಿಗೆ ನನ್ನ ಶೀಟ್ ಕೇಳುತ್ತಾರೆ.

ಒಂದು ಪೇಪರನ್ನು ಎಲ್ಲೆಲ್ಲಿ ಹೆಸರಿಸಿದ್ದಾರೆ ಅಂತ ಹುಡುಕಿಕೊಡುವ ಆಲ್ಟ್‌ಮೆಟ್ರಿಕ್, ಓವರ್‌ಟನ್‌ನಂಥ ಸೈಟೇಶನ್ ಉಪಕರಣಗಳಿವೆ. ನಾನೂ ಅಲ್ಲಿಂದಲೇ ಶುರು ಮಾಡಿದ್ದು. ತಂಡದ ಹತ್ತು ವರ್ಷದ ಪೇಪರುಗಳನ್ನು ಹಾಕಿ ನೋಡಿದರೆ ಸಿಕ್ಕಿದ್ದು ಬೆರಳೆಣಿಕೆಯ ನೀತಿ ದಾಖಲೆಗಳು. ಅವುಗಳಲ್ಲೂ ಅರ್ಧದಷ್ಟು ಹಿನ್ನೆಲೆಯ ಒಂದು ಸಾಲಿನಲ್ಲಿ ಸುಮ್ನೆ ನಮ್ಮ ಹೆಸರು ತುರುಕಿದ್ದವು. ನಿರ್ಧಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇಲಾಖೆಯ ಆದೇಶದಲ್ಲಿ ಡಿಒಐ (ಪೇಪರಿನ ಗುರುತು ಸಂಖ್ಯೆ) ಹಾಕುವವರು ಯಾರು ಹೇಳಿ? ನಮ್ಮ ಡೇಟಾ ಮೊದಲು ಕಾರ್ಯತಂಡದ ವರದಿಗೆ ಹೋಗುತ್ತದೆ. ಅಲ್ಲಿಂದ ಎರಡು ಪುಟದ ಸಲಹೆಗೆ, ಕೊನೆಗೆ ಆದೇಶದ ಒಂದು ಸಾಲಿಗೆ. ಪ್ರತಿ ಮೆಟ್ಟಿಲಲ್ಲೂ ಹೆಸರು ಉದುರುತ್ತದೆ, ಅಂಕಿ ಉಳಿಯುತ್ತದೆ.

ದುಡ್ಡಿನ ಕಥೆ ಕೇಳಿ. 'ಪ್ರಭಾವ'ದ ಬಾಬ್ತಿಗೆ ಬಂದ ಹಣದಲ್ಲಿ ಮುಕ್ಕಾಲು ಪಾಲು ಹೊಳಪು ಕಾಗದದ ಪಾಲಿಸಿ ಬ್ರೀಫಿಗೂ ಒಂದು ದಿನದ ಕಾರ್ಯಾಗಾರಕ್ಕೂ ಹೋಯಿತು. ಅದು ಗ್ರಾಂಟ್ ಕೊಟ್ಟವರ ಷರತ್ತು. ಆಮೇಲೆ ಸಮೀಕ್ಷೆ ಕಳಿಸಿದೆವು. ನೂರೈವತ್ತು ಜನರಲ್ಲಿ ಇಪ್ಪತ್ತು ಮಂದಿ ಉತ್ತರಿಸಿರಬಹುದು, ಎಲ್ಲರದ್ದೂ "ತುಂಬಾ ಉಪಯುಕ್ತ". ಇದರಲ್ಲಿ ಅಳೆಯೋದು ಏನನ್ನು? ಒಂದು ಕಂಪನಿ ಡ್ಯಾಶ್‌ಬೋರ್ಡ್ ಮಾಡಿಕೊಟ್ಟಿತು. ಸಂಶೋಧನಾ ಸಹಾಯಕರೊಬ್ಬರ ಎಂಟು ತಿಂಗಳ ಸಂಬಳದಷ್ಟು ಬಿಲ್. ಅದು ಎಣಿಸಿದ್ದು ಜಾಸ್ತಿ ಟ್ವೀಟುಗಳನ್ನೇ. ನನ್ನ ವಿಧಾನಕ್ಕೆ ತಗುಲಿದ್ದು ಒಬ್ಬ ವಿದ್ಯಾರ್ಥಿಯ ಅರೆಕಾಲಿಕ ಸಂಬಳ, ಒಂದಿಷ್ಟು ಪ್ರಯಾಣ, ಅಷ್ಟೇ.

ಮಾಡಿದ್ದು ಇಷ್ಟು. ನಮ್ಮ ವಿಷಯಕ್ಕೆ ತಾಗುವ ನಲವತ್ತರಷ್ಟು ಆದೇಶಗಳನ್ನು ಎತ್ತಿಕೊಂಡೆ. ಅವುಗಳಲ್ಲಿನ ಪ್ರತಿ ಅಂಕಿ, ಪ್ರತಿ ತಿಂಗಳು, ಪ್ರತಿ ಗಡಿರೇಖೆಯನ್ನು ಬೇರೆ ಮಾಡಿದೆ. ಆಮೇಲೆ ಹಿಂದಕ್ಕೆ ನಡೆದೆ: ಆದೇಶ, ಕರಡು, ಸಭೆಯ ನಡವಳಿ, ಸಲಹಾ ವರದಿ. ಸಿಗದ ಕಾಗದಕ್ಕೆ ಮಾಹಿತಿ ಹಕ್ಕಿನ ಅರ್ಜಿ. ಒಂದು ಮೀನಿನ ಪ್ರೌಢಗಾತ್ರವನ್ನು, ಅಂದರೆ ಅದು ಸಂತಾನಕ್ಕೆ ಸಿದ್ಧವಾಗುವ ಗಾತ್ರವನ್ನು, ನಾವು ಫೋರ್ಕ್ ಉದ್ದದಲ್ಲಿ (ಮೂತಿಯಿಂದ ಬಾಲದ ಕವಲಿನವರೆಗೆ) ಕೊಟ್ಟಿದ್ದೆವು, ಉಳಿದವರೆಲ್ಲ ಒಟ್ಟು ಉದ್ದದಲ್ಲಿ (ಬಾಲದ ತುದಿಯವರೆಗೆ). ಆದೇಶದಲ್ಲಿದ್ದ, ಹಿಡಿಯಬಹುದಾದ ಮೀನಿನ ಕನಿಷ್ಠ ಗಾತ್ರವೂ ಫೋರ್ಕ್ ಉದ್ದದಲ್ಲೇ ಇತ್ತು, ನಮ್ಮ ಅರ್ಧ ಸೆಂಟಿಮೀಟರಿನ ಸಮೇತ. ನಮ್ಮ ಹೆಸರು ಎಲ್ಲೂ ಇಲ್ಲ. ಹೀಗೆ ಒಂಬತ್ತೋ ಹತ್ತೋ ಆದೇಶ ಸಿಕ್ಕವು. ಸೈಟೇಶನ್ ಉಪಕರಣ ತೋರಿಸಿದ್ದು ಇವುಗಳಲ್ಲಿ ಎರಡನ್ನು.

ಅಂಕಿ ಸಿಕ್ಕರೆ ಸಾಲದು, ಅದು ನಿರ್ಧಾರವನ್ನು ಬದಲಿಸಿತೇ ಎನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಫೈಲ್ ನೋಡಿಕೊಂಡ ಅಧಿಕಾರಿಗಳನ್ನು ಕೇಳಿದೆ: "ಆ ವರದಿ ಇಲ್ಲದಿದ್ದರೆ ಏನು ಮಾಡುತ್ತಿದ್ದಿರಿ?" ಕುರ್ಚಿಯಲ್ಲಿ ಕೂತವರನ್ನು ಕೇಳಬೇಡಿ, ವರ್ಗವಾದವರನ್ನೋ ನಿವೃತ್ತರನ್ನೋ ಕೇಳಿ. ಈ ಪ್ರಶ್ನೆಗೆ ಮುಂಚೆ ಕೇಳುವ ಎರಡು ಪ್ರಶ್ನೆಗಳಿವೆ, ಅವು ನನ್ನ ಹತ್ತಿರವೇ ಇರಲಿ. ಕೆಲವರು ನಕ್ಕು, "ನಿರ್ಧಾರ ಮೊದಲೇ ಆಗಿತ್ತು, ನಿಮ್ಮ ವರದಿ ಆಮೇಲೆ ಲಗತ್ತಿಸಿದೆವು" ಎಂದರು. ಅಂಥವನ್ನು 'ಅಲಂಕಾರ' ಅಂತ ಬೇರೆ ಕಾಲಂನಲ್ಲಿ ಇಟ್ಟೆ.

ಕಾಲದ ಲೆಕ್ಕವೂ ಇದೆ. ಕಡಲ ಜೀವಿಗಳು ಅಂಟದಂತೆ ಹಡಗಿನ ತಳಕ್ಕೆ ಬಳಿಯುತ್ತಿದ್ದ ವಿಷಕಾರಿ ಟಿಬಿಟಿ ಬಣ್ಣವನ್ನೇ ನೋಡಿ. ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಅದರಿಂದ ಸಿಂಪಿ ಕೃಷಿ ಕೆಟ್ಟದ್ದು 1970ರ ದಶಕದ ಮಧ್ಯದಲ್ಲಿ. ಸಣ್ಣ ದೋಣಿಗಳಿಗೆ ಆ ಬಣ್ಣ ಬಳಿಯದಂತೆ ಫ್ರಾನ್ಸ್ ತಡೆದದ್ದು 1982ರಲ್ಲಿ. ಅದನ್ನು ತಡೆಯುವ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ (ಐಎಂಒ) ಒಪ್ಪಂದ ಆದದ್ದು 2001ರಲ್ಲಿ, ಜಾರಿಗೆ ಬಂದದ್ದು 2008ರಲ್ಲಿ. ಮೂರು ವರ್ಷದ ಗ್ರಾಂಟ್ ಮುಗಿಯುವಾಗ 'ಪ್ರಭಾವ ತೋರಿಸಿ' ಅಂದರೆ ಏನು ತೋರಿಸೋದು? ಈ ವಿಷಯದಲ್ಲಿ ವಿಶ್ವವಿದ್ಯಾಲಯಗಳ ಸಂಶೋಧನೆಯನ್ನು ಮೌಲ್ಯಮಾಪನ ಮಾಡುವ ಬ್ರಿಟನ್ನಿನ ಆರ್‌ಇಎಫ್ ವಾಸಿ. 2014ರಲ್ಲಿ ಪ್ರಭಾವಕ್ಕೆ ಶೇ 20 ತೂಕ ಕೊಟ್ಟಿತು, ಸುಮಾರು 20 ವರ್ಷ ಹಿಂದಿನ ಸಂಶೋಧನೆಯನ್ನೂ ಒಪ್ಪಿತು. ಅಂದ ಹಾಗೆ, ಫ್ರಾನ್ಸ್ ಬೇಗ ಎದ್ದದ್ದು ಬರೀ ವಿಜ್ಞಾನದಿಂದಲ್ಲ, ಸಿಂಪಿ ಬೆಳೆಗಾರರ ನಷ್ಟವೂ ಕಣ್ಣಿಗೆ ಕಾಣುತ್ತಿತ್ತು. ಅದಕ್ಕೇ ನನ್ನ ಶೀಟಿನಲ್ಲಿ 'ಯಾರ ದುಡ್ಡು ಹೋಗುತ್ತಿತ್ತು' ಎಂಬ ಕಾಲಂ ಇದೆ.

ಮಧ್ಯೆ ಒಂದು ತಮಾಷೆಯ ಪ್ರಯೋಗವನ್ನೂ ಮಾಡಿದೆ. ನಮ್ಮ ಹಳೆಯ ಸಮುದ್ರಹುಲ್ಲಿನ ನಕ್ಷೆಯನ್ನು ಒಂದು ಸಂರಕ್ಷಿತ ಪ್ರದೇಶದ ಗಡಿಯ ಮೇಲೆ ಇಟ್ಟೆ. ಪೂರ್ವದಲ್ಲಿ ಎರಡೂ ಒಂದೇ ನೇರ ಗೆರೆಗೆ ನಿಂತಿದ್ದವು. ಹುಲ್ಲು ನೇರ ಗೆರೆಗೆ ನಿಲ್ಲುತ್ತದಾ? ಅಲ್ಲಿ ನಿಂತದ್ದು ನಮ್ಮ ಸರ್ವೆ, ದೋಣಿಯ ಬಾಡಿಗೆ ಹಣ ಮುಗಿದಿತ್ತು! ಗೆರೆಯ ಆಚೆಯೂ ಹುಲ್ಲು ಇದೆ, ರಕ್ಷಣೆ ಇಲ್ಲ. ಇದನ್ನು ಪ್ರಭಾವ ಅಂತ ಎಣಿಸಿದ್ದೇನೆ, ಪಕ್ಕದಲ್ಲಿ ಒಂದು ಕೆಂಪು ಗುರುತು ಹಾಕಿ. ಗೆರೆಯ ಆಚೆಯ ಆ ಭಾಗವನ್ನು ಸರ್ವೆ ಮಾಡಲು ಈಗ ಹೊಸ ಅರ್ಜಿ ಹಾಕಿದ್ದೇವೆ, ಎರಡೂ ನಕ್ಷೆಗಳನ್ನು ಲಗತ್ತಿಸಿ.